ಟೈರಿನ ಗಾಳಿ ಬಿಟ್ಟ ಚಳಿಗಾಲ

೧೯೯೩ರಲ್ಲಿ ನಾನು ಶಾಲೆ ಬಿಟ್ಟೆ, ಒಂಬತ್ತನೇ ಇಯತ್ತೆಯ ನಡುವಿನಲ್ಲೇ. ಮನೆಯಲ್ಲಿ ಊಟಕ್ಕೆ ತೊಂದರೆ ಇತ್ತು ಅಂತಲ್ಲ, ಮಾಸ್ತರರು ಹೊಡೆದರು ಅಂತಲೂ ಅಲ್ಲ. ಗದಗಿನಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಟೈರಿನ ಅಂಗಡಿ ಇತ್ತು. ಲಾರಿಯ ಗಾಲಿ ಬಿಚ್ಚುವುದನ್ನು ನೋಡುತ್ತ ನಿಂತು ಮೊದಲು ಒಂದು ಪಿರಿಯಡ್ ತಪ್ಪಿಸಿಕೊಂಡೆ, ಆಮೇಲೆ ಒಂದು ದಿನ, ಆಮೇಲೆ ಪೂರ್ತಿ. ಅಪ್ಪ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ನಾನು ಮಾತಿಗೆ ಕಾಯಲಿಲ್ಲ, ದುಡಿದೆ. ಅಂದಿನಿಂದ ಇಂದಿನವರೆಗೆ ಕೂತು ಉಂಡವನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಈಗ ಅಮೇರಿಕದ ಕ್ವೀನ್ಸ್‌ನಲ್ಲಿ ಸ್ಕೂಲ್ ಬಸ್ ಓಡಿಸುತ್ತೇನೆ. "ಶಾಲಿ ಬಿಟ್ಟವ್ರನ್ನ ಶಾಲಿ ಬಿಡಲಿಲ್ಲ ನೋಡ್ರಿ, ದಿನಕ್ಕ ಎರಡು ಸಲ ಕರಸ್ತೈತಿ" ಎಂದು ನನ್ನ ಹೆಂಡತಿ ಸುನಂದಾ ನಗುತ್ತಾಳೆ. ಅವಳು ನರ್ಸ್. ಓದಿದವಳು.

ಹೋದ ಫೆಬ್ರವರಿಯ ಒಂದು ಭಾನುವಾರ ಹಿಲ್‌ಸೈಡ್ ಅವೆನ್ಯೂದ ಅಂಗಡಿಯಲ್ಲಿ ಜೋಳದ ಹಿಟ್ಟು, ಹಸಿಮೆಣಸಿನಕಾಯಿ ತೆಗೆದುಕೊಂಡು ಮನೆಗೆ ಹೊರಟಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಹಳದಿ ದೀಪ ಹತ್ತಿಕೊಂಡಿತು. ಇಲ್ಲಿಯ ಚಳಿಗೆ ಟೈರಿನ ಒಳಗಿನ ಗಾಳಿಯೂ ಮುದುಡಿಕೊಳ್ಳುತ್ತದೆ. ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ಗಾಳಿ ತುಂಬುವಾಗ ಒಂದು ಟೈರಿಗೆ ಹೆಚ್ಚಾಯಿತು. ಕೈಗವಸು ತೆಗೆದು ವಾಲ್ವಿನ ನಡುವಿನ ಮೊಳೆಯನ್ನು ಉಗುರಿನಿಂದ ಒತ್ತಿದೆ. ಸುಸ್ಸೆಂದು ಗಾಳಿ ಬಂತು, ಅದರ ಹಿಂದೆಯೇ ವಾಸನೆ. ಹಳೆಯ ರಬ್ಬರಿನದು, ಬಹಳ ದಿನ ಬಾಗಿಲು ತೆರೆಯದ ಕೋಣೆಯದು. ಸುತ್ತ ಕಪ್ಪಾದ ಹಿಮದ ಗುಡ್ಡೆ, ನನ್ನ ಮೂಗಿನಲ್ಲಿ ಮಾತ್ರ ಮರಳುಗಾಡು.

ಬೆರಳು ತೆಗೆಯುವುದನ್ನೇ ಮರೆತೆ.

"ಡ್ಯಾಡ್, ಇಟ್ಸ್ ಫ್ರೀಜಿಂಗ್. ವಾಟ್ ಆರ್ ಯು ಈವನ್ ಡೂಯಿಂಗ್?" ಹಿಂದಿನ ಸೀಟಿನಿಂದ ಮಗಳು ಸಹನಾ ಕೂಗಿದಳು. ಸುನಂದಾ ಕಿಟಕಿಯ ಗಾಜು ಇಳಿಸಿ, ತಾನು ಕುಡಿದು ಮುಗಿಸಿದ್ದ ಚಹಾದ ಕಾಗದದ ಕಪ್ಪನ್ನು ಹೊರಗೆ ಚಾಚಿ, ಎಡಕ್ಕೂ ಬಲಕ್ಕೂ ಅಲ್ಲಾಡಿಸಿದಳು. ನೋಡಿದವರು ಈಕೆ ಚಿಲ್ಲರೆ ಬೇಡುತ್ತಿದ್ದಾಳೆ ಎಂದುಕೊಳ್ಳಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥ: ಸಾಕು, ಇನ್ನು ಬೇಡ. ಆ ಸನ್ನೆ ನಮ್ಮ ಮನೆಗೆ ಬಂದದ್ದು ಒಂದೇ ಒಂದು ದಿನದ ಪ್ರವಾಸದಿಂದ. ನಾವು ಮೂವರೂ ಇವತ್ತು ಒಂದೇ ಕಾರಿನಲ್ಲಿ ಕೂತಿರುವುದೂ ಆ ದಿನದಿಂದಲೇ.

ಅದು ಒಮಾನಿನ ಚಳಿಗಾಲ. ಅಲ್ಲಿ ಚಳಿಗಾಲವೆಂದರೆ ಮಧ್ಯಾಹ್ನ ಏಸಿ ಇಲ್ಲದೆ ಕೂಡಬಹುದಾದ ದಿನಗಳು, ಅಷ್ಟೇ. ಅಕ್ಟೋಬರಿನಲ್ಲಿ ಬಿಸಿಲಿನ ಹಲ್ಲು ಮೊಂಡಾಗುತ್ತಿದ್ದಂತೆ ಯುರೋಪಿನಿಂದ ಜನ ಇಳಿಯುತ್ತಿದ್ದರು, ಮಾರ್ಚಿನ ತನಕ. ನಾನು ಮಸ್ಕತ್ತಿನಲ್ಲಿ ಪ್ರವಾಸದ ಕಂಪನಿಯೊಂದಕ್ಕೆ ಲ್ಯಾಂಡ್ ಕ್ರೂಸರ್ ಓಡಿಸುತ್ತಿದ್ದೆ. ಬೆಳಿಗ್ಗೆ ಹೋಟೆಲಿನಿಂದ ಹೊರಟು, ಹುಲ್ಲು ಕಡ್ಡಿಯೂ ಇಲ್ಲದ ಕಲ್ಲುಗುಡ್ಡಗಳನ್ನು ದಾಟಿ, ಖರ್ಜೂರದ ತೋಟಗಳ ಊರುಗಳಿಗೆ ಹೋಗಿ, ಅಲ್ಲಿಂದ ಮರಳಿಗೆ ಇಳಿದು, ಕತ್ತಲಾಗುವಾಗ ಮರಳುವುದು. ಆ ಕಲ್ಲಿನ ನಡುವೆ ಒಮ್ಮೆಗೇ ಹಸಿರು ಕಾಣಿಸುತ್ತಿತ್ತು. ಯಾರೋ ಮೇಲಿನಿಂದ ಬೀಳಿಸಿ ಮರೆತು ಹೋದ ಹಾಗೆ. ಎಷ್ಟು ಸಲ ನೋಡಿದರೂ ಆ ತಿರುವಿನಲ್ಲಿ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬರುತ್ತಿತ್ತು.

ನನ್ನ ಪಕ್ಕದ ಸೀಟು ಗೈಡ್ ಖಮೀಸನದು. ಅದೇ ಮರಳುಗಾಡಿನಲ್ಲಿ ಹುಟ್ಟಿದವನು, ನನಗಿಂತ ಹಿರಿಯ. ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಹೇಳುವ ಮಾತುಗಳನ್ನು ಅವನು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದ, ಜೋಕಿನ ಸಮೇತ. ನನ್ನ ಜೊತೆ ಹಿಂದಿಯಲ್ಲಿ ಮಾತು, ಕರೆಯುವುದು ಮಾತ್ರ ಹೆಸರಿನ ಹಿಂದೆ ಅರಬ್ಬಿಯ 'ಯಾ' ಹಾಕಿ. "ಯಾ ಬಸು, ಇವತ್ತಿನವರು ನಗುವವರೋ, ಫೋಟೋ ಹೊಡೆಯುವವರೋ?" ಎಂದು ಬೆಳಿಗ್ಗೆಯೇ ಕೇಳುತ್ತಿದ್ದ. ನಾನು ಕನ್ನಡಿಯಲ್ಲಿ ನೋಡಿ ಹೇಳುತ್ತಿದ್ದೆ. ಫೋಟೋದವರಾದರೆ ಅವನು ಜೋಕು ಬಿಟ್ಟುಬಿಡುತ್ತಿದ್ದ.

ಆ ವರ್ಷ ಸೀಸನ್ ಶುರುವಾಗುವ ಹೊತ್ತಿಗೇ ಬೆಂಗಳೂರಿನ ಏಜೆಂಟನ ಫೋನು ಬಂದಿತ್ತು. ಮದುವೆಗೂ ಮೊದಲು ಸುನಂದಾ ಅಮೇರಿಕದ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ವರ್ಷಗಟ್ಟಲೆ ಸುದ್ದಿಯಿಲ್ಲದೆ ನಾನಂತೂ ಅದನ್ನು ಮರೆತಿದ್ದೆ. ಈಗ ಅವಳ ಸರದಿ ಬಂದಿತ್ತು. ಮಾರ್ಚಿನಲ್ಲಿ ಮುಂಬೈಗೆ ಇಂಟರ್‌ವ್ಯೂಗೆ ಹೋಗಬೇಕು. ಗಂಡ, ಮಗು ಜೊತೆಗೆ ಬರುವುದಾದರೆ ಅಷ್ಟರೊಳಗೆ ಹೇಳಬೇಕು. "ನೀವು ಡಿಪೆಂಡೆಂಟ್ ಆಗಿ ಹೋಗಬಹುದು ಸಾರ್, ತೊಂದರೆ ಇಲ್ಲ" ಎಂದ ಏಜೆಂಟ್, ನನಗೆ ಉಪಕಾರ ಮಾಡುವವನ ದನಿಯಲ್ಲಿ.

ಅದರ ಅರ್ಥ ನನಗೆ ಗೊತ್ತಿತ್ತು. ಹದಿನೈದನೇ ವಯಸ್ಸಿನಿಂದ ನನ್ನ ಅನ್ನ ನನ್ನದು. ಮಸ್ಕತ್ತಿನಲ್ಲೂ ಅವಳು ಆಸ್ಪತ್ರೆಯ ನರ್ಸ್, ಅವಳ ವೀಸಾ ಅವಳದು, ನನ್ನದು ನನ್ನದು. ಇನ್ನು ಅವಳ ಹಿಂದೆ ಬಾಲದ ಹಾಗೆ ಹೋಗುವುದೇ? ಕಂಪನಿಯಲ್ಲಿ ರಾಯಚೂರಿನ ಡ್ರೈವರ್ ಒಬ್ಬನಿದ್ದ. ಸುದ್ದಿ ತಿಳಿದ ದಿನವೇ, "ಏನಪಾ, ಹೆಂಡ್ತಿ ಸೆರಗ ಹಿಡಕೊಂಡು ಅಮೇರಿಕಾಕ್ಕ ಹೊಂಟಿ?" ಎಂದ. ಅವನಿಗೆ ನಗು, ನನಗೆ ಮುಳ್ಳು. ಅವತ್ತು ಸಂಜೆ ಸುನಂದಾಗೆ ಹೇಳಿಬಿಟ್ಟೆ: "ನೀ ಹೋಗು. ಸಹನಾನ್ನ ಕರಕೊಂಡು ಹೋಗು. ನಾ ಇಲ್ಲೇ ದುಡೀತೀನಿ. ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋಗ್ತೀನಿ."

ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು, ಮತ್ತೆ ಬಡಿಯಿತು. "ಹೂಂ" ಎಂದಳು. ಅಷ್ಟೇ.

ಸುನಂದಾ ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದ ನೋಡಿದ್ದೇನೆ. ಅವಳು ಜಗಳವಾಡಿದರೆ ನನಗೆ ಹೆದರಿಕೆಯಿಲ್ಲ, ಉತ್ತರ ಕೊಡಬಹುದು. ಹೂಂ ಎಂದರೆ ಏನು ಮಾಡುವುದು? ನವೆಂಬರ್, ಡಿಸೆಂಬರ್ ಹಾಗೆಯೇ ಕಳೆದವು. ಹಾಲು ಮುಗಿದಿದೆ, ಗ್ಯಾಸ್ ಬಂತು, ಸಹನಾಗೆ ಕೆಮ್ಮು. ಇದಿಷ್ಟೇ ನಮ್ಮ ಮಾತು. ಡಿಸೆಂಬರಿನಲ್ಲಿ ಒಮ್ಮೆ ಗುಡ್ಡದಲ್ಲಿ ಮಳೆ ಸುರಿದು, ಒಣಗಿದ್ದ ಹಳ್ಳದಲ್ಲಿ ನೀರು ಬಂದು, ರಸ್ತೆ ಕೊಚ್ಚಿ ಹೋಗಿ, ಪ್ರವಾಸಿಗರ ಜೊತೆ ನಾನು ಆ ಕಡೆಯೇ ಸಿಕ್ಕಿಬಿದ್ದೆ. ಮನೆಗೆ ಬಂದಾಗ ಸುನಂದಾ ಬಾಗಿಲು ತೆರೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಣ್ಣು ಕೆಂಪಾಗಿತ್ತು. "ಬಿಸಿನೀರು ಕಾಸೀನಿ" ಎಂದು ಒಳಗೆ ಹೋದಳು.

ನಾನು ಯಾರಿಗೂ ಹೇಳಿರಲಿಲ್ಲ. ಆದರೆ ದಿನವಿಡೀ ಪಕ್ಕದಲ್ಲಿ ಕೂಡುವವನಿಗೆ ಹೇಳಬೇಕಾಗಿಲ್ಲ. ಜನವರಿಯಲ್ಲಿ ಒಂದು ದಿನ ಖಮೀಸ್, "ನಾಳೆ ಇಬ್ಬರೇ ಇದ್ದಾರೆ. ಹಿಂದಿನ ಸೀಟು ಖಾಲಿ. ನಿನ್ನ ಹೆಂಡತಿ ಮಗುವನ್ನು ಕರೆದುಕೊಂಡು ಬಾ. ಮಾಲೀಕನ ಹತ್ತಿರ ನಾನು ಕೇಳಿದ್ದೇನೆ" ಎಂದ.

"ಅವಳಿಗೆ ಡ್ಯೂಟಿ ಇರುತ್ತದೆ" ಎಂದೆ.

"ಹೋಗಿ ಕೇಳು. ಇಷ್ಟು ವರ್ಷ ಮರಳು ತುಂಬಿಕೊಂಡು ಬಂದ ಬಟ್ಟೆ ಒಗೆದಿದ್ದಾಳೆ. ಆ ಮರಳು ಎಲ್ಲಿಯದು ಅಂತ ಒಮ್ಮೆ ನೋಡಲಿ."

ಕೇಳಿದೆ. ಅವಳಿಗೆ ಅವತ್ತು ರಜೆ ಇತ್ತು. "ಸಹನಾಗ ಒಂಟಿ ತೋರಿಸಿದಂಗ ಆಗತೈತಿ" ಎಂದು ಒಪ್ಪಿದಳು.

ಆ ಇಬ್ಬರು ಜರ್ಮನಿಯ ವಯಸ್ಸಾದ ಗಂಡ ಹೆಂಡತಿ, ನಿವೃತ್ತರಾದ ಮಾಸ್ತರರು. ನಗುವ ಜಾತಿಯವರು. ಸಹನಾ ಐದು ವರ್ಷದವಳು. ಗುಡ್ಡ ದಾಟುವ ಮೊದಲೇ ಹಿಂದಿನ ಸೀಟಿನಿಂದ ಹತ್ತಿ ಬಂದು ಆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ತಿರುವಿನಲ್ಲಿ ಹಸಿರು ಕಾಣಿಸಿತು. ನಾನು ಕನ್ನಡಿಯಲ್ಲಿ ಸುನಂದಾಳನ್ನು ನೋಡಿದೆ. ಅವಳು ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದಳು.

ತೋಟದ ಊರಿನಲ್ಲಿ ಇಳಿದು ನಡೆದೆವು. ತಲೆಯ ಮೇಲೆ ಖರ್ಜೂರದ ಗರಿ, ಅದರ ಕೆಳಗೆ ನಿಂಬೆ, ಅದರ ಕೆಳಗೆ ದನದ ಮೇವಿನ ಕುದುರೆ ಮಸಾಲೆ ಸೊಪ್ಪಿನ ಮಡಿ, ನಡುವೆ ಮೊಣಕಾಲಾಳದ ಕಾಲುವೆ. ಅದನ್ನು ಅಲ್ಲಿಯವರು ಫಲಜ್ ಎನ್ನುತ್ತಾರೆ. ಗುಡ್ಡದ ಬುಡದಿಂದ ನೆಲದೊಳಗೇ ಬರುವ ನೀರು. ಮೊದಲು ಕುಡಿಯುವವರಿಗೆ, ಆಮೇಲೆ ಮಸೀದಿಯಲ್ಲಿ ಕೈಕಾಲು ತೊಳೆಯುವವರಿಗೆ, ಆಮೇಲೆ ಒಂದೊಂದೇ ತೋಟಕ್ಕೆ ಸರದಿಯಂತೆ. ಸರದಿ ಬಂದವನು ಅಡ್ಡಗಲ್ಲು ತೆಗೆಯುತ್ತಾನೆ, ಮುಗಿದ ಮೇಲೆ ತಾನೇ ಮುಚ್ಚುತ್ತಾನೆ. ಖಮೀಸ್ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಸುನಂದಾ ನನ್ನ ಕಡೆ ಬಾಗಿ, "ನಮ್ಮ ಕಡೆ ಕಾಲಿವಿ ನೀರಿಗೆ ತಲಿ ಒಡಕೋತಾರ. ಇಲ್ಲಿ ಕಲ್ಲು ಎತ್ತಿ ನೀರು ಬಿಡ್ತಾರ, ನಮ್ಮಲ್ಲಿ ಅದೇ ಕಲ್ಲು ಎತ್ತಿ ಒಗೀತಾರ" ಎಂದಳು. ನನಗೆ ನಗು ಬಂತು. ಹಾಲು, ಗ್ಯಾಸು, ಕೆಮ್ಮು ಬಿಟ್ಟು ಅವಳು ಆಡಿದ ಮೊದಲ ಮಾತು ಅದು.

ಊಟವಾದ ಮೇಲೆ ಮರಳಿನ ಅಂಚಿಗೆ ಬಂದೆವು. ಡಾಂಬರು ಅಲ್ಲಿಗೆ ಮುಗಿಯುತ್ತದೆ. ಮುಂದೆ ಕೆಂಪು ದಿಬ್ಬಗಳು, ಉಳುಮೆ ಮಾಡಿ ಬಿಟ್ಟ ಹಾಗೆ ಗೆರೆಗೆರೆ. ನಾನು ಇಳಿದು ಟೈರಿನ ಗಾಳಿ ಬಿಡತೊಡಗಿದೆ. ಸುನಂದಾ ಬಂದು ಪಕ್ಕದಲ್ಲಿ ನಿಂತಳು.

"ಇದೇನ್ರಿ, ಇದ್ದ ಗಾಳಿನೂ ತಗ್ಯಾಕತ್ತೀರಿ? ಊರಾಗ ಪಂಚರ್ ತಿದ್ದಿದವ್ರು ನೀವು."

"ಬಿಡಬೇಕು. ಬಿಗಿ ಇದ್ರ ಗಾಲಿ ಮರಳು ತೋಡಿಕೊಂಡು ಒಳಗ ಇಳಿತೈತಿ. ರೇಸ್ ಮಾಡಿದಷ್ಟೂ ಆಳ. ಮೆತ್ತಗಿದ್ರ ಒಂಟಿ ಪಾದದಂಗ ಅಗಲ ಆಗಿ ಮ್ಯಾಲಿಂದ ಮ್ಯಾಲೆ ಹೋಗತೈತಿ."

ಅವಳು ಸ್ವಲ್ಪ ಹೊತ್ತು ಟೈರನ್ನು ನೋಡಿದಳು, ಆಮೇಲೆ ನನ್ನನ್ನು. "ಇಷ್ಟೆಲ್ಲಾ ಗೊತ್ತೈತಲ್ಲ ನಿಮಗ" ಎಂದು ಹೋಗಿ ಕೂತಳು. ಹೊಗಳಿದಳು ಎಂದುಕೊಂಡೆ ನಾನು.

ಮರಳಿನ ನಡುವೆ ಖಮೀಸನ ಅತ್ತಿಗೆಯ ಮನೆ. ಖರ್ಜೂರದ ಗರಿಯ ಗೋಡೆ, ಒಳಗೆ ಕೆಂಪು ಕಪ್ಪು ಜಮಖಾನ. ಅವಳನ್ನು ಎಲ್ಲರೂ ಉಮ್ಮ್ ಸೈಫ್ ಎನ್ನುತ್ತಿದ್ದರು, ಸೈಫನ ತಾಯಿ ಎಂದು. ಪ್ರವಾಸಿಗರಿಗೆ ಹೊರಗಿನ ಚಪ್ಪರದಲ್ಲಿ ಕಾಫಿ ಕೊಡುವ ರೂಢಿ. ಆದರೆ ಡ್ರೈವರನ ಹೆಂಡತಿ ಎಂದು ತಿಳಿದ ಕೂಡಲೇ ಅವಳು ಸುನಂದಾಳ ಕೈ ಹಿಡಿದು ಒಳಗೆ, ಹೆಂಗಸರ ಕಡೆಗೆ ಕರೆದುಕೊಂಡು ಹೋದಳು. ನಾನು, ಖಮೀಸ್ ಸೇರಿ ಜರ್ಮನಿಯವರನ್ನು ದಿಬ್ಬ ಹತ್ತಿಸಲು ಹೊರಟೆವು.

ಅಲ್ಲೇ ಎಡವಟ್ಟಾದದ್ದು. ಮಸ್ಕತ್ತಿನಲ್ಲಿ ಅಷ್ಟು ವರ್ಷವಿದ್ದರೂ ಸುನಂದಾಗೆ ಆಸ್ಪತ್ರೆ ಬಿಟ್ಟರೆ ಫ್ಲಾಟು. ಒಮಾನಿಯವರ ಮನೆಯಲ್ಲಿ ಕೂತು ಕಾಫಿ ಕುಡಿದವಳಲ್ಲ. ಅವರ ಕಾಫಿಗೆ ಹಿಡಿಯಿಲ್ಲದ ಪುಟ್ಟ ಬಟ್ಟಲು. ಖಾಲಿ ಬಟ್ಟಲು ಸುಮ್ಮನೆ ಹಿಡಿದಿದ್ದರೆ ಮತ್ತೆ ಹಾಕು ಎಂದರ್ಥ. ಸಾಕಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಅಲ್ಲಾಡಿಸದ ತನಕ ಹಾಕುತ್ತಿರಬೇಕಾದದ್ದು ಮನೆಯವರ ಧರ್ಮ. ನಮ್ಮ ಕಡೆಯ ಧರ್ಮವೋ, ಬಡಿಸಿದ್ದನ್ನು ಬಿಡಬಾರದು. ಸುನಂದಾ ಕುಡಿದಳು, ಉಮ್ಮ್ ಸೈಫ್ ಹಾಕಿದಳು. ಸುನಂದಾ ಮತ್ತೆ ಕುಡಿದಳು. ಕೊನೆಗೆ ತಾಳಲಾರದೆ, ಎಲೆಗೆ ಕೈ ಅಡ್ಡ ಹಿಡಿಯುವ ಹಾಗೆ ಬಟ್ಟಲಿನ ಮೇಲೆ ಅಂಗೈ ಇಟ್ಟಳಂತೆ. ಉಮ್ಮ್ ಸೈಫ್ ನಕ್ಕು ಅವಳ ಕೈ ಸರಿಸಿ ಹಾಕಿದಳಂತೆ. ಅದರಲ್ಲಿ ಹಾಕಿದವಳ ತಪ್ಪೇನು? ನಮ್ಮೂರಿನ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದರೆ ಹೋಳಿಗೆ ಹಾಕುವವರು ಬಿಡುತ್ತಾರೆಯೇ?

ನಾವು ಮರಳಿದಾಗ ಉಮ್ಮ್ ಸೈಫ್ ಬಾಗಿಲಲ್ಲೇ ನಿಂತಿದ್ದಳು. ಖಮೀಸನಿಗೆ ಅರಬ್ಬಿಯಲ್ಲಿ ಏನೋ ಹೇಳಿದಳು. ಅವನು ನಗು ತಡೆಯಲಾರದೆ ಮರಳಿನ ಮೇಲೆ ಕುಕ್ಕರಿಸಿದ.

"ಬಸು, ನಿನ್ನ ಹೆಂಡತಿ ಇಡೀ ಮನೆಯ ಕಾಫಿ ಮುಗಿಸಿದ್ದಾಳಂತೆ. ಎರಡು ಸಲ ಹೊಸದಾಗಿ ಕಾಸಿದರಂತೆ. ದೂರದಿಂದ ಬಂದ ಒಂಟೆಯೂ ಹೀಗೆ ಕುಡಿಯುವುದಿಲ್ಲ ಅನ್ನುತ್ತಿದ್ದಾಳೆ."

ಸುನಂದಾ ಹೊರಗೆ ಬಂದಳು. ಕಣ್ಣು ಇಷ್ಟಗಲ. "ಬ್ಯಾಡ ಅಂದ್ರ ಬೇಜಾರ ಮಾಡ್ಕೋತಾರ ಅಂತ ಕುಡದೆ. ಅವರು ಬಿಡವಲ್ರು. ಎದಿ ಡಬಡಬ ಅನ್ನಾಕತೈತ್ರಿ" ಎಂದಳು. ಖಮೀಸ್ ಬಟ್ಟಲು ಅಲ್ಲಾಡಿಸುವುದನ್ನು ತೋರಿಸಿದ. ಅವಳು ಅವನ ಕೈ ನೋಡಿದಳು, ನನ್ನ ಮುಖ ನೋಡಿದಳು. "ಹೇಳಿ ಹೋಗಬಾರದಾಗಿತ್ತೇನ್ರಿ?" ಎಂದಳು. ಉಮ್ಮ್ ಸೈಫ್ ಅವಳನ್ನು ಅಪ್ಪಿಕೊಂಡು, ಅವಳು ಕುಡಿದ ಬಟ್ಟಲನ್ನೇ ತೊಳೆದು, ಒರೆಸಿ, ಅವಳ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಇಷ್ಟು ಕುಡಿದವಳಿಗೆ ಬಟ್ಟಲೂ ಸೇರಬೇಕು ಎಂದಳಂತೆ.

ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಡಾಂಬರಿನ ಅಂಚಿಗೆ ಬಂದೆವು. ಮೆತ್ತನೆಯ ಟೈರಿನಲ್ಲಿ ರಸ್ತೆಯ ಮೇಲೆ ಓಡುವಂತಿಲ್ಲ, ಗಾಳಿ ತುಂಬಬೇಕು. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇತ್ತು. ನಾಲ್ಕು ಟೈರಿಗೆ ಬಹಳ ಹೊತ್ತು ಬೇಕು, ಅದರ ಗದ್ದಲವೋ ಹಿಟ್ಟಿನ ಗಿರಣಿಯದು. ಜರ್ಮನಿಯವರು ಸೂರ್ಯ ಮುಳುಗುವುದನ್ನು ನೋಡುತ್ತ ನಿಂತರು, ಸಹನಾ ಅವರ ನಡುವೆ. ನಾನು ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಸುನಂದಾ ಎದುರಿಗೆ ಬಂದು ಕೂತಳು. ಕೂತು, ಎದ್ದು, ಮತ್ತೆ ಕೂತಳು. ಕಾಫಿ ಅವಳನ್ನು ಒಂದು ಕಡೆ ಇರಗೊಡುತ್ತಿರಲಿಲ್ಲ. ಮೂರು ತಿಂಗಳು ಮುಚ್ಚಿದ್ದ ಬಾಯಿ ಆಗ ತೆರೆಯಿತು.

"ನಾ ಹೋಗಾಕಿ ಅದೀನ್ರಿ" ಎಂದಳು. ಕಂಪ್ರೆಸರಿನ ಗದ್ದಲಕ್ಕೆ ಕೂಗಿಯೇ ಹೇಳಬೇಕಾಗಿತ್ತು. "ನೀವು ಬರಲಿಲ್ಲಂದ್ರೂ ಹೋಗಾಕಿ. ಅದನ್ನ ಹೇಳಾಕ ನನಗ ಅಂಜಿಕಿ ಆಗಿತ್ತು. ಭಾಳ ವರ್ಷ ಕಾದೀನಿ ಆ ಕೆಲಸಕ್ಕ. ಬಿಡಂಗಿಲ್ಲ."

ನಾನು ಗೇಜ್ ನೋಡುತ್ತಿದ್ದೆ. "ಹೋಗು ಅಂತ ನಾನೇ ಹೇಳೀನಲ್ಲ."

"ಹೇಳೀರಿ. ಹೋಗು ಅಂದ್ರಿ, ಬರ್ತೀನಿ ಅನ್ನಲಿಲ್ಲ. ಯಾಕ? ನನ್ನ ಹಿಂದ ಬರೋದು ನಿಮಗ ಸಣ್ಣತನ. ಲಗ್ನ ಆದಾಗಿಂದ ನಿಮ್ಮ ಸೈಕಲ್ ಮೋಟಾರ್ ಹಿಂದ ಕುಂತೀನಿ. ಇವತ್ತು ಬೆಳಿಗ್ಗಿಂದ ಈ ಗಾಡ್ಯಾಗ ನಿಮ್ಮ ಹಿಂದ ಕುಂತೀನಿ. ಹಿಂದ ಕುಂತೆ ಅಂತ ನಾ ಸಣ್ಣಾಕಿ ಆದ್ನೇನು? ಹೇಳ್ರಿ."

ನಾನು ಮೂರನೇ ಟೈರಿಗೆ ಪೈಪು ಬದಲಿಸಿದೆ. ಅವಳೂ ಜೊತೆಗೆ ಸರಿದಳು.

"ಮಳಿ ಬಂದ ದಿವಸ ನೀವು ಆ ಕಡೆ ಉಳಿದ್ರಿ. ಫೋನ್ ಹತ್ತಲಿಲ್ಲ. ಒಂದು ಗುಡ್ಡ ಅಡ್ಡ ಬಂದ್ರ ನನಗ ಹಿಂಗ ಆಗತೈತಿ, ಸಮುದ್ರ ಅಡ್ಡ ಬಂದ್ರ ಹೆಂಗ ಅಂತ ಕುಂತಿದ್ದೆ."

ನಾಲ್ಕನೇ ಟೈರು.

"ಅಲ್ಲಿ ಹಿಮ ಬೀಳತೈತಂತ. ನನಗ ಕಾರ ಹೊಡಿಯಾಕ ಬರಂಗಿಲ್ಲ. ಅದಕ್ಕ ನಿಮ್ಮನ್ನ ಕರಿಯಾಕತ್ತಿಲ್ಲ ನಾ. ಡ್ರೈವರ ಎಲ್ಲಾ ಕಡೆ ಸಿಗ್ತಾರ. ನನಗ ಡ್ರೈವರ ಬ್ಯಾಡ—"

ಗೇಜಿನ ಮುಳ್ಳು ಸರಿಯಾದ ಗುರುತಿಗೆ ಬಂದಿತ್ತು. ಕೈಗೆ ರೂಢಿ, ಕಂಪ್ರೆಸರ್ ಆರಿಸಿಬಿಟ್ಟೆ.

"—ನೀವು ಬೇಕು!"

ಆ ಕೂಗು ಅಷ್ಟು ದೊಡ್ಡ ನಿಶ್ಶಬ್ದದಲ್ಲಿ ಒಂದೇ ಬಿತ್ತು. ಜರ್ಮನಿಯವರಿಬ್ಬರೂ ತಿರುಗಿ ನೋಡಿದರು. ಅವರಿಗೆ ಕನ್ನಡ ಬೇಕಾಗಲಿಲ್ಲ ಎಂದು ಕಾಣುತ್ತದೆ. ಆ ಅಜ್ಜಿ ಮೆಲ್ಲಗೆ ಗಂಡನ ತೋಳು ಹಿಡಿದುಕೊಂಡಳು. ಖಮೀಸ್ ಇನ್ನೂ ಹುಟ್ಟದ ನಕ್ಷತ್ರಗಳನ್ನು ಎಣಿಸುವವನ ಹಾಗೆ ಆಕಾಶ ನೋಡತೊಡಗಿದ. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ವಾಲ್ವಿನ ಮುಚ್ಚಳ ತಿರುಗಿಸಿದೆ. ಅದು ಗಟ್ಟಿಯಾದ ಮೇಲೂ ತಿರುಗಿಸುತ್ತಲೇ ಇದ್ದೆ. ಮಧ್ಯಾಹ್ನ ಅವಳು ಟೈರು ನೋಡಿ, ಆಮೇಲೆ ನನ್ನನ್ನು ನೋಡಿ ಅಂದ ಮಾತು ಆಗ ತಲೆಗೆ ಹತ್ತಿತು. ಬಿಗಿಯಿದ್ದಷ್ಟೂ ಆಳ. ಎಲ್ಲ ಗೊತ್ತಿದ್ದವನು ಮೂರು ತಿಂಗಳಿನಿಂದ ಒಂದೇ ಜಾಗದಲ್ಲಿ ಗಾಲಿ ತಿರುಗಿಸುತ್ತಿದ್ದೆ.

"ಹಿಮದಾಗ ಟೈರಿಗೆ ಗಾಳಿ ಎಷ್ಟಿರಬೇಕೋ ಏನೋ" ಎಂದೆ. "ಯಾರನ್ನರ ಕೇಳಬೇಕು."

ಅವಳು ಸೆರಗಿನ ಹಿಂದಿನಿಂದ ನನ್ನನ್ನು ನೋಡಿದಳು. "ಕೇಳ್ರಿ" ಎಂದಳು. ಅಷ್ಟಕ್ಕೇ ತೀರ್ಮಾನವಾಯಿತು. ಆಮೇಲೆ ಮಸ್ಕತ್ ಮುಟ್ಟುವವರೆಗೆ ಅವಳ ಮಾತು ನಿಲ್ಲಲಿಲ್ಲ: ಅಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ, ಸಹನಾಗೆ ಶಾಲೆ, ನನಗೆ ಸ್ವೆಟರು. ಖಮೀಸ್ ಅವಳ ಮುಂದೆ ತನ್ನ ಖಾಲಿ ಕೈಯನ್ನು ಬಟ್ಟಲಿನ ಹಾಗೆ ಹಿಡಿದು ಅಲ್ಲಾಡಿಸಿದ. ಅವಳು ನಕ್ಕು ಮತ್ತೆ ಶುರುಮಾಡಿದಳು.

ಮಾರ್ಚಿನಲ್ಲಿ ಮುಂಬೈಗೆ ಮೂವರೂ ಹೋದೆವು. ಕೌಂಟರಿನಲ್ಲಿ ನನ್ನನ್ನು ಏನೆಂದು ಬರೆದುಕೊಂಡರೋ ಬರೆದುಕೊಳ್ಳಲಿ ಎಂದು ಕೈಕಟ್ಟಿ ನಿಂತೆ. ಮಸ್ಕತ್ ಬಿಡುವ ದಿನ ಖಮೀಸ್ ವಿಮಾನ ನಿಲ್ದಾಣಕ್ಕೆ ಬಂದು ಒಂದು ಡಬ್ಬಿ ಖರ್ಜೂರ ಕೊಟ್ಟ. ಜೋಕು ಹೇಳಲಿಲ್ಲ. ರಾಯಚೂರಿನವನೂ ಬಂದಿದ್ದ. "ಸೆರಗ ಗಟ್ಟಿ ಹಿಡಕೋ ಮತ್ತ" ಎಂದ. "ಹಿಡದೀನಿ" ಎಂದೆ.

ಇಲ್ಲಿಗೆ ಬಂದ ಮೇಲೂ ನಾನು ಕೂತು ಉಣ್ಣಲಿಲ್ಲ. ಮೊದಲ ವರ್ಷ ಬೆಲ್‌ರೋಸ್‌ನ ಅಂಗಡಿಯೊಂದರಲ್ಲಿ ಅಕ್ಕಿಯ ಚೀಲ ಇಳಿಸಿದೆ. ಬಸ್ಸಿನ ಲೈಸೆನ್ಸಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ. ಸುನಂದಾ ನೈಟ್ ಡ್ಯೂಟಿ ಮುಗಿಸಿ ಬಂದು, ಕೋಟು ಬಿಚ್ಚುವ ಮೊದಲೇ ನನಗೆ ಪ್ರಶ್ನೆ ಕೇಳುತ್ತಿದ್ದಳು. ನಾನು ಶಾಲೆಯಲ್ಲಿ ಹಾಗೆ ಎಂದೂ ಓದಿರಲಿಲ್ಲ. ಬಸ್ಸು ಓಡಿಸಿದ ಮೊದಲ ಚಳಿಗಾಲದಲ್ಲಿ ಬಸ್ಸುಗಳು ನಿಲ್ಲುವ ಯಾರ್ಡಿನಲ್ಲಿ ಒಬ್ಬ ಸರ್ದಾರ್‌ಜಿಯನ್ನು ಕೇಳಿದೆ: ಹಿಮದಲ್ಲಿ ಗಾಳಿ ಬಿಡಬೇಕೇ? ಅವನು ನನ್ನನ್ನು ಪಾಪದವನ ಹಾಗೆ ನೋಡಿ, "ಬಿಡಬೇಡ, ನಿಧಾನ ಹೋಗು" ಎಂದ. ಅಷ್ಟು ಸುಲಭವಿತ್ತು.

ಆ ಭಾನುವಾರ ಗ್ಯಾಸ್ ಸ್ಟೇಷನ್ನಿನಲ್ಲಿ ಗಾಳಿ ಸರಿಮಾಡಿ ಕಾರಿನೊಳಗೆ ಬಂದು ಕೂತೆ. ಬೆರಳು ಮರಗಟ್ಟಿದ್ದವು. ಸುನಂದಾ ಅವನ್ನು ತನ್ನ ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು. "ಏನು ಅಷ್ಟೊತ್ತು ಮೂಸಾಕತ್ತಿದ್ರಿ?" ಎಂದಳು. "ಉಮ್ಮ್ ಸೈಫ್ ಮನಿ ಕಾಫಿ" ಎಂದೆ. ಹಿಂದಿನಿಂದ ಸಹನಾ, "ಓ ಗಾಡ್, ನಾಟ್ ದಿ ಕಾಫಿ ಸ್ಟೋರಿ ಅಗೇನ್" ಎಂದು ಖಾಲಿ ಕೈ ಅಲ್ಲಾಡಿಸಿದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬೆಲ್‌ರೋಸ್‌ನಲ್ಲಿ ಬಾಡಿಗೆಯ ಮೇಲಂತಸ್ತು ಒಂದು. ನನ್ನದಲ್ಲದ ಹಳದಿ ಬಸ್ಸು ಒಂದು, ನನ್ನದೇ ಆದ ಕಾರು ಒಂದು. ಮೂರು ದೇಶಗಳ ಲೈಸೆನ್ಸು, ಓಡುವುದು ಒಂದೇ. ಏಲಕ್ಕಿ ತುಂಬಿಟ್ಟ ಹಿಡಿಯಿಲ್ಲದ ಬಟ್ಟಲು ಒಂದು. ಹೆಂಡತಿ ಒಬ್ಬಳು. ಒಂಬತ್ತನೇ ಇಯತ್ತೆ ದಾಟಿ ಹತ್ತನೆಯದರಲ್ಲಿ ಕೂತಿರುವ ಮಗಳು ಒಬ್ಬಳು.